‘ಸಸ್ಯಮೂಲದ ಜಿಎಲ್‌ಪಿ’ ಕ್ಯಾಪ್ಸೂಲು: ಹಾಗಲ, ಮೆಂತೆ ನಿಜಕ್ಕೂ ಹಸಿವನ್ನು ತಗ್ಗಿಸುತ್ತವೆಯೇ?

ಮಾಳಮಡ್ಡಿ ಟೀಚರ್ (ಧಾರವಾಡ)

ತೂಕ ಇಳಿಸುವ ಇಂಜೆಕ್ಷನ್ನುಗಳ ಸುದ್ದಿ ಬಂದಾಗಿನಿಂದ ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ಬೇರೆ ಮಾತೇ ಇಲ್ಲ. ಇಂಜೆಕ್ಷನ್ನಿನ ಬೆಲೆ ಕೇಳಿ ಹಿಂಜರಿದ ನಮ್ಮ ವೈನಿಯವರು ಈಗ ‘ಸಸ್ಯಮೂಲದ ಜಿಎಲ್‌ಪಿ-1’ ಎಂದು ಮಾರುವ ಕ್ಯಾಪ್ಸೂಲುಗಳ ಡಬ್ಬಿಯೊಂದನ್ನು ತರಿಸಿಕೊಂಡಿದ್ದಾರೆ. ಜಿಎಲ್‌ಪಿ-1 ಎಂದರೆ ಹೊಟ್ಟೆ ತುಂಬಿದ ಸಂದೇಶ ಕೊಡುವ ಕರುಳಿನ ಹಾರ್ಮೋನಂತೆ. ಹಾಗಲಕಾಯಿ, ಮೆಂತೆ, ದಾರುಹರಿದ್ರ, ಉಪ್ಪಗೆ, ಕ್ಯಾರಲ್ಲುಮ, ಮಧುನಾಶಿನಿ ಎಂಬ ಆರು ಗಿಡಗಳ ಸಾರ ಅದರಲ್ಲಿದೆಯಂತೆ. ನಾನು ಕಲಿಸುವುದು ಸಮಾಜ ವಿಜ್ಞಾನವಾದ್ದರಿಂದ ತಿಳಿದವರನ್ನು ಕೇಳುತ್ತಿದ್ದೇನೆ. ಗಿಡದಲ್ಲಿರುವ ವಸ್ತುವೊಂದು ಕರುಳಿನ ಹಾರ್ಮೋನಿನ ಮೂಲಕ ನಿಜವಾಗಿಯೂ ಹಸಿವನ್ನು ತಗ್ಗಿಸಬಲ್ಲದೇ? ತಗ್ಗಿಸುವುದಾದರೆ ಇಂಜೆಕ್ಷನ್ನಿಗೂ ಇದಕ್ಕೂ ಏನು ವ್ಯತ್ಯಾಸ? ‘ಎಲ್ಲ ಸುಳ್ಳು’ ಎಂದೋ ‘ನಮ್ಮ ಅಜ್ಜಿಗೆ ಇದೆಲ್ಲ ಗೊತ್ತಿತ್ತು’ ಎಂದೋ ಒಂದೇ ಸಾಲಿನಲ್ಲಿ ಮುಗಿಸುವವರು ದಯವಿಟ್ಟು ಬೇರೆ ಚರ್ಚೆಗೆ ಹೋಗಬಹುದು.

ಗಿರಮಿಟ್ಟು ಪ್ರಿಯ (ಹುಬ್ಬಳ್ಳಿ)

ಎಲ್ಲ ಸುಳ್ಳು. ಒಂದೇ ಸಾಲಿನಲ್ಲಿ ಮುಗಿಸಬಾರದೆಂದು ಟೀಚರ್ ಹೇಳಿರುವುದರಿಂದ ಈ ಎರಡನೆಯ ಸಾಲನ್ನೂ ಬರೆದಿದ್ದೇನೆ.

ಜೀವರಸಾಯನ (ಧಾರವಾಡ)

ಎಲ್ಲ ಸುಳ್ಳಲ್ಲ ಸರ್, ಅದೇ ಇಲ್ಲಿನ ತೊಡಕು. ಕರುಳನ್ನು ನಾವು ಆಹಾರ ಸಾಗುವ ಕೊಳವೆ ಎಂದಷ್ಟೇ ತಿಳಿದಿರುತ್ತೇವೆ. ಆದರೆ ಅದರ ಒಳಪದರದಲ್ಲಿ ಅಲ್ಲಲ್ಲಿ ಹರಡಿಕೊಂಡಿರುವ ವಿಶೇಷ ಜೀವಕೋಶಗಳು ಎದುರಿಗೆ ಬಂದ ಕೊಬ್ಬು, ಪ್ರೋಟೀನು, ಸಕ್ಕರೆ, ಕಹಿ ವಸ್ತುಗಳನ್ನು ಗುರುತಿಸಿ, ಅದಕ್ಕೆ ತಕ್ಕಂತೆ ರಕ್ತಕ್ಕೆ ಹಾರ್ಮೋನು ಬಿಡುತ್ತವೆ. ಸಣ್ಣ ಕರುಳಿನ ಆರಂಭದಲ್ಲಿರುವ ಜೀವಕೋಶಗಳು ಕೊಲೆಸಿಸ್ಟೋಕೈನಿನ್, ಅಂದರೆ ಸಿಸಿಕೆ ಎಂಬುದನ್ನು ಬಿಡುತ್ತವೆ. 1973ರಲ್ಲಿ ಇಲಿಗಳಿಗೆ ಇದನ್ನು ಚುಚ್ಚಿದಾಗ ಅವು ಊಟವನ್ನು ಬೇಗ ನಿಲ್ಲಿಸಿದವು. ಕರುಳಿನ ಹಾರ್ಮೋನು ಹೊಟ್ಟೆ ತುಂಬಿದ ಭಾವವನ್ನು ಕೊಡಬಲ್ಲದು ಎಂಬುದಕ್ಕೆ ಸಿಕ್ಕ ಮೊದಲ ಗಟ್ಟಿ ಸಾಕ್ಷ್ಯ ಅದು. ಸಣ್ಣ ಕರುಳಿನ ಕೊನೆ ಹಾಗೂ ದೊಡ್ಡ ಕರುಳಿನಲ್ಲಿ ಎಲ್ ಜೀವಕೋಶಗಳು ಹೆಚ್ಚಾಗಿದ್ದು, ಅವು ಜಿಎಲ್‌ಪಿ-1 ಮತ್ತು ಪಿವೈವೈ ಎಂಬ ಎರಡನ್ನು ಬಿಡುತ್ತವೆ. ಇವು ಜಠರ ಖಾಲಿಯಾಗುವ ವೇಗವನ್ನು ತಗ್ಗಿಸುತ್ತವೆ, ವೇಗಸ್ ನರದ ಮೂಲಕ ಮಿದುಳಿಗೆ ಸಂದೇಶ ಮುಟ್ಟಿಸುತ್ತವೆ. ಇದಕ್ಕೆ ವಿರುದ್ಧವಾಗಿ ಹಸಿವನ್ನು ಹೆಚ್ಚಿಸುವ ಗ್ರೆಲಿನ್ ಜಠರದಿಂದ ಬರುತ್ತದೆ. ಅದನ್ನು ಜಪಾನಿನ ವಿಜ್ಞಾನಿಗಳು ಗುರುತಿಸಿದ್ದು 1999ರಲ್ಲಿ.

ಈ ಜೀವಕೋಶಗಳನ್ನು ಕೆಣಕಲು ಸಸ್ಯಗಳಿಗೆ ದಾರಿಗಳಿವೆ. ಕಹಿಯನ್ನು ಗುರುತಿಸುವ ಗ್ರಾಹಕಗಳು ನಾಲಿಗೆಯಲ್ಲಿ ಮಾತ್ರವಲ್ಲ, ಕರುಳಿನಲ್ಲೂ ಇವೆ. ಮನುಷ್ಯರಲ್ಲಿ ಇಂಥವು ಸುಮಾರು 25 ಬಗೆ. ಇನ್ನೊಂದು ದಾರಿ ನಾರಿನದು. ನಮಗೆ ಜೀರ್ಣವಾಗದ ನಾರು ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗಳ ಬಾಯಿಗೆ ಬಿದ್ದು, ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳಾಗುತ್ತದೆ, ಅವು ಎಲ್ ಜೀವಕೋಶಗಳನ್ನು ಎಚ್ಚರಿಸುತ್ತವೆ. ಜೀರ್ಣಕ್ರಿಯೆಯನ್ನೇ ನಿಧಾನಗೊಳಿಸಿ, ಮೇಲೆಯೇ ಮುಗಿದುಹೋಗಬೇಕಾದ ಆಹಾರವನ್ನು ಕೆಳಗಿನವರೆಗೂ ಕಳುಹಿಸುವುದು ಮತ್ತೊಂದು ದಾರಿ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಪಾಲಕ್ ಎಲೆಯ ಹಸಿರು ಕಣಗಳೊಳಗಿನ ಥೈಲಕಾಯ್ಡ್ ಪೊರೆಗಳನ್ನು ಬೇರ್ಪಡಿಸಿ, ದಿನಕ್ಕೆ 5 ಗ್ರಾಂನಂತೆ 12 ವಾರ ಕೊಟ್ಟು ನೋಡಿದ್ದು ಇದೇ ತತ್ತ್ವದ ಮೇಲೆ. ಆ ಪೊರೆಗಳು ಕೊಬ್ಬಿನ ಜೀರ್ಣವನ್ನು ತಡಮಾಡುತ್ತವೆ. ಪೊರೆ ಸೇವಿಸಿದ ಮಹಿಳೆಯರ ತೂಕ ಉಳಿದವರಿಗಿಂತ ಹೆಚ್ಚು ಇಳಿಯಿತು.

ಔಷಧಂಗಡಿ (ಹುಬ್ಬಳ್ಳಿ)

ದಾರಿ ಇದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಆ ದಾರಿಯಲ್ಲಿ ಹೊರಟ ಹಾರ್ಮೋನು ಎಷ್ಟು ಹೊತ್ತು ಬದುಕಿರುತ್ತದೆ ಎಂಬುದನ್ನು ಜೀವರಸಾಯನ ಅವರು ಹೇಳಲಿಲ್ಲ. ನಮ್ಮ ದೇಹವೇ ತಯಾರಿಸಿದ ಜಿಎಲ್‌ಪಿ-1 ಧಾರವಾಡದ ಶ್ರಾವಣದ ಬಿಸಿಲಿನಂತೆ ಬಂದು ಹೋಗುತ್ತದೆ: ಡಿಪಿಪಿ-4 ಎಂಬ ಕಿಣ್ವ ಅದನ್ನು ಕತ್ತರಿಸಿಹಾಕುವುದರಿಂದ ಸುಮಾರು 2 ನಿಮಿಷದಲ್ಲಿ ಅರ್ಧದಷ್ಟು ಇಲ್ಲವಾಗುತ್ತದೆ. ಇಂಜೆಕ್ಷನ್ನಿನಲ್ಲಿರುವ ಸೆಮಾಗ್ಲುಟೈಡ್ ಇದೇ ಜಿಎಲ್‌ಪಿ-1ನ್ನು ಹೋಲುವ ಅಣು; ಅದನ್ನು ಆ ಕಿಣ್ವಕ್ಕೆ ಸಿಗದಂತೆ ಒಂದು ಕಡೆ ತಿದ್ದಿದ್ದಾರೆ, ಇನ್ನೊಂದು ಕಡೆ ಕೊಬ್ಬಿನಾಮ್ಲದ ಬಾಲ ಜೋಡಿಸಿ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುವಂತೆ ಮಾಡಿದ್ದಾರೆ. ಅದರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಇಲ್ಲವಾಗಲು ಹಿಡಿಯುವ ಸಮಯ, ಸುಮಾರು ಒಂದು ವಾರ. ಹಾಗಲಕಾಯಿ ನಿಮ್ಮ ಕರುಳಿನಿಂದ ಎಷ್ಟೇ ಜಿಎಲ್‌ಪಿ-1 ಹೊರಡಿಸಿದರೂ ಹೊರಟದ್ದು ಆ 2 ನಿಮಿಷದ ಅಣುವೇ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 1,961 ಜನರಿಗೆ 68 ವಾರ ಸೆಮಾಗ್ಲುಟೈಡನ್ನೋ ಔಷಧಿಯಿಲ್ಲದ ಹುಸಿ ಇಂಜೆಕ್ಷನ್ನನ್ನೋ ಕೊಟ್ಟು ನೋಡಿದಾಗ, ಔಷಧಿ ಪಡೆದವರ ತೂಕ ಸರಾಸರಿ ಶೇಕಡಾ 14.9ರಷ್ಟು ಇಳಿಯಿತು, ಹುಸಿ ಇಂಜೆಕ್ಷನ್ ಪಡೆದವರದು ಶೇಕಡಾ 2.4ರಷ್ಟು. ಯಾವ ಗಿಡದ ಸಾರವೂ ಇದರ ಹತ್ತಿರ ಸುಳಿದಿಲ್ಲ.

ಟೀಚರ್, ಡಬ್ಬಿಯ ಹಿಂಭಾಗದಲ್ಲಿ ಒಂದೊಂದು ಸಾರವೂ ಎಷ್ಟು ಮಿಲಿಗ್ರಾಂ ಎಂದು ಬರೆದಿದೆಯೇ, ನೋಡಿ ಹೇಳಿರಿ.

ಮಾಳಮಡ್ಡಿ ಟೀಚರ್ (ಧಾರವಾಡ)

ಪ್ರತ್ಯೇಕವಾಗಿ ಬರೆದಿಲ್ಲ. ಸಣ್ಣ ಅಕ್ಷರದಲ್ಲಿ ‘ವಿಶೇಷ ಮಿಶ್ರಣ 500 ಮಿಲಿಗ್ರಾಂ’ ಎಂದಿದೆ, ಅದರ ಕೆಳಗೆ ಆರು ಹೆಸರುಗಳಿವೆ, ಅಷ್ಟೇ. ದಿನಕ್ಕೆ ಎರಡು ಕ್ಯಾಪ್ಸೂಲು ತೆಗೆದುಕೊಳ್ಳಬೇಕು. ಹಸಿರು ಬಣ್ಣದ ಎಲೆಯ ಚಿತ್ರ ಮಾತ್ರ ಬಹಳ ದೊಡ್ಡದಾಗಿದೆ.

ಔಷಧಂಗಡಿ (ಹುಬ್ಬಳ್ಳಿ)

ಅಲ್ಲಿಗೆ ಲೆಕ್ಕ ಮುಗಿಯಿತು. ದಿನಕ್ಕೆ ಆರೂ ಸೇರಿ 1 ಗ್ರಾಂ. 2009ರಲ್ಲಿ ಬೊಜ್ಜುಳ್ಳ 18 ಜನರ ಮೇಲೆ ನಡೆದ ಮೆಂತೆಯ ಪ್ರಯೋಗದಲ್ಲಿ ಹೊಟ್ಟೆ ತುಂಬಿದ ಭಾವ ಹೆಚ್ಚಾದದ್ದು, ನಂತರದ ಊಟ ಕಡಿಮೆಯಾದದ್ದು 8 ಗ್ರಾಂ ಮೆಂತೆಯ ನಾರನ್ನು ಕೊಟ್ಟಾಗ. ಮೆಂತೆ ಕಾಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನಾರು. ಅಂದರೆ ಕಡಿಮೆಯೆಂದರೂ 16 ಗ್ರಾಂ ಕಾಳು ಬೇಕು. ಅದನ್ನು ಯಾವ ಕ್ಯಾಪ್ಸೂಲಿನಲ್ಲಿ ತುಂಬುತ್ತೀರಿ? ಉಪ್ಪಗೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು ದಿನಕ್ಕೆ 1,500 ಮಿಲಿಗ್ರಾಂನಂತೆ 12 ವಾರ ಕೊಟ್ಟು ನೋಡಿದ 1998ರ ಅಮೆರಿಕದ ಪ್ರಯೋಗದಲ್ಲಿ ಹುಸಿ ಗುಳಿಗೆಗಿಂತ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ.

ಶಿರಸಿ ರಸ್ತೆ (ಹಾನಗಲ್)

ಉಪ್ಪಗೆಯ ಮಾತು ಬಂದದ್ದರಿಂದ ಒಂದು ವಿಷಯ. ಆ ಆಮ್ಲವನ್ನು ಉಪ್ಪಗೆಯ ಹಣ್ಣಿನಲ್ಲಿ ಗುರುತಿಸಿದ್ದು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್, 1965ರಲ್ಲಿ. ಘಟ್ಟದ ಮೇಲೆ ಒಣಸಿಪ್ಪೆಯನ್ನು ಆರಿಸಿ ಮಾರುವವರಿಗೆ ಅಮೆರಿಕದ ಮಾತ್ರೆಯ ಹುಚ್ಚಿನಿಂದ ಒಂದು ಕಾಲಕ್ಕೆ ಒಳ್ಳೆಯ ಬೆಲೆ ಸಿಕ್ಕಿತ್ತು.

ಜೀವರಸಾಯನ (ಧಾರವಾಡ)

ಉಪ್ಪಗೆ ಈ ಪಟ್ಟಿಯಲ್ಲಿ ಇರಲೇಬಾರದು. ಅದರ ಬಗ್ಗೆ ಹೇಳಲಾಗುವ ಮುಖ್ಯ ಕೆಲಸ ಯಕೃತ್ತಿನಲ್ಲಿ ಕೊಬ್ಬು ತಯಾರಾಗುವುದನ್ನು ತಡೆಯುವುದು, ಕರುಳಿನ ಹಾರ್ಮೋನಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದ ವರದಿಗಳೂ ಇವೆ. ಮಧುನಾಶಿನಿಯದೂ ಬೇರೆಯೇ ಕಥೆ: ಅದರ ಎಲೆ ಅಗಿದರೆ ನಾಲಿಗೆಯ ಸಿಹಿ ಗ್ರಾಹಕಗಳು ಸ್ವಲ್ಪ ಹೊತ್ತು ಮುಚ್ಚಿಕೊಳ್ಳುತ್ತವೆ, ಪೇಡೆಯನ್ನು ಬಾಯಿಗೆ ಹಾಕಿಕೊಂಡರೂ ಸಿಹಿ ತಿಳಿಯುವುದಿಲ್ಲ. ಕ್ಯಾಪ್ಸೂಲಿನಲ್ಲಿ ನುಂಗಿಬಿಟ್ಟರೆ ಆ ಕೆಲಸವೂ ಆಗುವುದಿಲ್ಲ.

ಆದರೆ ಔಷಧಂಗಡಿಯವರು ಎಲ್ಲವನ್ನೂ ಗ್ರಾಂ ಲೆಕ್ಕದಲ್ಲಿ ತೂಗುತ್ತಿರುವುದಕ್ಕೆ ನನ್ನ ತಕರಾರಿದೆ. ನಾರಿಗೆ ಗ್ರಾಂಗಳು ಬೇಕು, ನಿಜ. ಕಹಿಗೆ ಅಷ್ಟು ಬೇಕಿಲ್ಲ. ನ್ಯೂಜಿಲೆಂಡಿನಲ್ಲಿ ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿ ಸಾರವನ್ನು ಜಠರದಲ್ಲಿ ಅಥವಾ ಸಣ್ಣ ಕರುಳಿನಲ್ಲಿ ಬಿಚ್ಚಿಕೊಳ್ಳುವ ಕ್ಯಾಪ್ಸೂಲುಗಳಲ್ಲಿ 500 ಮಿಲಿಗ್ರಾಂ ಕೊಟ್ಟಾಗ, ಆರೋಗ್ಯವಂತ ಗಂಡಸರಲ್ಲಿ ಸಿಸಿಕೆ, ಜಿಎಲ್‌ಪಿ-1, ಪಿವೈವೈ ಏರಿ, ಅವರು ತಿಂದ ಪ್ರಮಾಣವೂ ಇಳಿಯಿತು. ಆದ್ದರಿಂದ ಕ್ಯಾಪ್ಸೂಲಿನಲ್ಲಿ ಹಿಡಿಸುವುದೇ ಇಲ್ಲ ಎಂಬ ವಾದ ಎಲ್ಲದಕ್ಕೂ ಹೊಂದುವುದಿಲ್ಲ.

ಔಷಧಂಗಡಿ (ಹುಬ್ಬಳ್ಳಿ)

ಅದು ಒಂದು ಹೊತ್ತಿನ ಊಟದ ಅಳತೆ. ಒಂದು ಹೊತ್ತು ಕಡಿಮೆ ತಿಂದವರು ರಾತ್ರಿ ಸೇರಿಸಿ ತಿನ್ನುವುದಿಲ್ಲವೇ? ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಮಾರಾಟಗಾರರಿಗೆ ಇಂಥ ಒಂದು ದಿನದ ಪ್ರಯೋಗವೇ ಸಾಕಾಗುತ್ತದೆ. ಹಾಪ್ಸ್‌ನ ಫಲಿತಾಂಶವನ್ನು ಹಾಗಲಕಾಯಿಯ ಡಬ್ಬಿಗೆ ಅಂಟಿಸುವ ಹಾಗೂ ಇಲ್ಲ; ಹಾಗಲಕಾಯಿಯ ಸಾರದಿಂದ ಜಿಎಲ್‌ಪಿ-1 ಏರಿದ್ದು ಪ್ರಯೋಗಾಲಯದ ಜೀವಕೋಶಗಳಲ್ಲಿ ಮತ್ತು ಇಲಿಗಳಲ್ಲಿ.

ವೈದ್ಯೆ (ಹಾವೇರಿ)

ನಾನು ಆಯುರ್ವೇದ ಓದಿದವಳು, ನನಗೆ ಈ ಚರ್ಚೆಯಲ್ಲಿ ಒಂದು ವಿಚಿತ್ರ ಕಾಣುತ್ತಿದೆ. ನಮ್ಮ ಶಾಸ್ತ್ರದಲ್ಲಿ ತಿಕ್ತ ರಸವನ್ನು, ಎಂದರೆ ಕಹಿಯನ್ನು, ದೀಪನವೆಂದು, ಅಂದರೆ ಹಸಿವನ್ನು ಹೆಚ್ಚಿಸುವುದೆಂದು ಹೇಳಿದ್ದಾರೆ. ಬಾಯಿರುಚಿ ಕೆಟ್ಟವರಿಗೆ ನಾವು ಕಹಿಯನ್ನೇ ಕೊಡುತ್ತೇವೆ. ಯುರೋಪಿನವರೂ ಊಟಕ್ಕೆ ಮೊದಲು ಕಹಿ ಪಾನೀಯ ಕುಡಿಯುವುದು ಹಸಿವಾಗಲೆಂದೇ. ಈಗ ಅದೇ ಕಹಿಯನ್ನು ಹಸಿವು ತಗ್ಗಿಸುವ ಮದ್ದೆಂದು, ಅದೂ ಆಯುರ್ವೇದದ ಹೆಸರಿನಲ್ಲಿ ಮಾರುತ್ತಿದ್ದಾರೆ. ಎರಡರಲ್ಲಿ ಯಾವುದು ಸರಿ ಎಂಬುದನ್ನು ಜೀವರಸಾಯನ ಅವರು ಹೇಳಬೇಕು.

ಜೀವರಸಾಯನ (ಧಾರವಾಡ)

ಬಹಳ ಒಳ್ಳೆಯ ಪ್ರಶ್ನೆ ಅಕ್ಕಾ ಅವರೇ, ಇದಕ್ಕೆ ಪ್ರಯೋಗವೇ ನಡೆದಿದೆ. ಬೆಲ್ಜಿಯಂನ ಲ್ಯೂವೆನ್‌ನ ಸಂಶೋಧಕರು 2011ರಲ್ಲಿ ಕಹಿ ವಸ್ತುಗಳನ್ನು ಇಲಿಗಳ ಜಠರಕ್ಕೆ ನೇರವಾಗಿ ಹಾಕಿದರು. ಆಗ ಮೊದಲು ಗ್ರೆಲಿನ್ ಏರಿತು, ಮೊದಲ ಅರ್ಧ ಗಂಟೆ ಇಲಿಗಳು ಹೆಚ್ಚು ತಿಂದವು. ಆ ಮೇಲೆ ಜಠರ ಖಾಲಿಯಾಗುವುದು ನಿಧಾನವಾಗಿ, ಮುಂದಿನ ಕೆಲವು ಗಂಟೆ ಅವು ಕಡಿಮೆ ತಿಂದವು. ಊಟದ ಹೊತ್ತಿಗೆ ಸ್ವಲ್ಪ ಕಹಿ ನಾಲಿಗೆಗೆ ತಾಗಿಸುವವರಿಗೂ, ಕಹಿಯನ್ನು ಕ್ಯಾಪ್ಸೂಲಿನಲ್ಲಿ ಮುಚ್ಚಿ ಕರುಳಿಗೆ ಕಳುಹಿಸಿ ಒಂದು ಗಂಟೆ ಕಾಯುವವರಿಗೂ ಬೇರೆ ಬೇರೆ ಪರಿಣಾಮ ಕಂಡರೆ ಅದರಲ್ಲಿ ಆಶ್ಚರ್ಯವಿಲ್ಲ. ನಿಸರ್ಗದಲ್ಲಿ ಬಹಳಷ್ಟು ವಿಷಗಳು ಕಹಿಯಾಗಿರುವುದರಿಂದ, ಕಹಿ ಕರುಳಿಗೆ ಇಳಿಯಿತೆಂದರೆ ‘ಸದ್ಯಕ್ಕೆ ಬಾಗಿಲು ಹಾಕು’ ಎಂದು ದೇಹ ಜಠರವನ್ನು ತಡೆಯುತ್ತದೆ ಎಂದು ಹಲವರು ವಿವರಿಸುತ್ತಾರೆ. ಹೊಟ್ಟೆ ತೊಳಸುವಿಕೆಗೂ ಹೊಟ್ಟೆ ತುಂಬಿದ ಭಾವಕ್ಕೂ ನಡುವಿನ ಗೆರೆ ಬಹಳ ತೆಳು. ಇಂಜೆಕ್ಷನ್ ತೆಗೆದುಕೊಂಡವರಲ್ಲಿ ಅನೇಕರು ದೂರುವುದು ವಾಕರಿಕೆಯನ್ನೇ ಅಲ್ಲವೇ?

ಬ್ಯಾಡಗಿ ಹುಡುಗ (ಹಾವೇರಿ)

ಕಹಿಯನ್ನೇ ಹೇಳುತ್ತಿದ್ದೀರಿ, ಖಾರವನ್ನು ಮರೆತಿದ್ದೀರಿ. ಮೆಣಸಿನಕಾಯಿ ತಿಂದರೆ ಜಿಎಲ್‌ಪಿ ಏರುತ್ತದೆ ಎಂದು ಓದಿದ್ದೇನೆ.

ಜೀವರಸಾಯನ (ಧಾರವಾಡ)

ಏರಿದ್ದು ನಿಜ. ನೆದರ್ಲೆಂಡ್ಸ್‌ನಲ್ಲಿ 2009ರಲ್ಲಿ ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಬೆರೆಸಿದ ಊಟ ಕೊಟ್ಟು 15 ನಿಮಿಷದ ಮೇಲೆ ರಕ್ತ ನೋಡಿದಾಗ ಜಿಎಲ್‌ಪಿ-1 ಹೆಚ್ಚಿತ್ತು. ಆದರೆ ಉಂಡವರಿಗೆ ಹೊಟ್ಟೆ ತುಂಬಿದ ಭಾವದಲ್ಲಿ ಏನೂ ವ್ಯತ್ಯಾಸ ತಿಳಿಯಲಿಲ್ಲ. ರಕ್ತಪರೀಕ್ಷೆಯ ಅಂಕಿ ಬೇರೆ, ತಟ್ಟೆಯ ಮುಂದೆ ಕೈ ನಿಲ್ಲುವುದು ಬೇರೆ. ಅಲ್ಲದೆ ನಿಮ್ಮ ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿರುವುದು ಬಣ್ಣಕ್ಕೆ. ಅದರಲ್ಲಿ ಕ್ಯಾಪ್ಸೈಸಿನ್ ಬಹಳ ಕಡಿಮೆ.

ಗಿರಮಿಟ್ಟು ಪ್ರಿಯ (ಹುಬ್ಬಳ್ಳಿ)

ಖಾರದ ಮಿರ್ಚಿ ಭಜಿ ತಿಂದವರು ಒಂದಕ್ಕೇ ನಿಲ್ಲಿಸಿದ್ದನ್ನು ದುರ್ಗದ ಬೈಲಿನಲ್ಲಿ ನಾನು ಇದುವರೆಗೆ ಕಂಡಿಲ್ಲ. ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನೆದರ್ಲೆಂಡ್ಸ್‌ನಲ್ಲಿ ಸಿಗಲಾರದು.

ಕರಿಮಣ್ಣು (ರೋಣ, ಗದಗ ಜಿಲ್ಲೆ)

ನೀವೆಲ್ಲ ಸಾರದ ಬಗ್ಗೆ ಮಾತನಾಡುತ್ತಿದ್ದೀರಿ, ಊಟದ ಬಗ್ಗೆ ಯಾರೂ ಮಾತನಾಡುತ್ತಿಲ್ಲ. ಮುಂಜಾನೆ ಎರಡು ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಅಗಸಿ ಹಿಂಡಿ, ಒಂದು ಹಿಡಿ ಹಸಿ ಮೆಂತೆ ಸೊಪ್ಪು, ಉಳ್ಳಾಗಡ್ಡಿ ತಿಂದು ಹೊಲಕ್ಕೆ ಹೋದವರಿಗೆ ಮಧ್ಯಾಹ್ನದವರೆಗೆ ಹಸಿವಿನ ನೆನಪೇ ಆಗುವುದಿಲ್ಲ. ಅದೇ ಉಪ್ಪಿಟ್ಟು ತಿಂದು ಹೋದ ದಿನ ಹನ್ನೊಂದಕ್ಕೇ ಬುತ್ತಿ ಬಿಚ್ಚುತ್ತಾರೆ. ಇದಕ್ಕೂ ಈ ಹಾರ್ಮೋನೇ ಕಾರಣವೇ?

ಡಯಟಿಶಿಯನ್ (ವಿದ್ಯಾನಗರ, ಹುಬ್ಬಳ್ಳಿ)

ಭಾಗಶಃ ಹೌದು ಅಣ್ಣಾವರೇ. ಜೋಳದ ಪಿಷ್ಟವನ್ನು ಕ್ಯಾಫಿರಿನ್ ಎಂಬ ಪ್ರೋಟೀನು ಸುತ್ತುವರಿದಿರುವುದರಿಂದ ಅದು ನಿಧಾನವಾಗಿ ಜೀರ್ಣವಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಕೆಂಪು ಜೋಳದ ಬಿಸ್ಕತ್ತು ತಿಂದವರಲ್ಲಿ ಗೋಧಿ ಬಿಸ್ಕತ್ತು ತಿಂದವರಿಗಿಂತ ಜಿಎಲ್‌ಪಿ-1, ಪಿವೈವೈ ಎರಡೂ ಹೆಚ್ಚಾಗಿ ಕಂಡವು, ಹೊಟ್ಟೆ ತುಂಬಿದ ಭಾವವೂ ಹೆಚ್ಚಿತ್ತು. ಆದರೂ ಮುಂದಿನ ಊಟದಲ್ಲಿ ಅವರು ಕಡಿಮೆ ತಿನ್ನಲಿಲ್ಲ ಎಂಬುದನ್ನೂ ಹೇಳಲೇಬೇಕು. ನೀವು ತಿನ್ನುವುದು ಬಿಳಿಯ ಮಾಲ್ದಂಡಿ ಜೋಳ. ಕೆಂಪು ಜೋಳದ ಫಲವನ್ನು ಅದಕ್ಕೆ ಹಾಗೆಯೇ ಹೊಂದಿಸಲಾಗದು. ನಿಮ್ಮ ತಟ್ಟೆಯಲ್ಲಿ ಕೆಲಸ ಮಾಡುತ್ತಿರುವುದು ರೊಟ್ಟಿಯೊಂದೇ ಅಲ್ಲ. ಕಾಳಿನ ಪ್ರೋಟೀನು, ಅಗಸಿಯ ಲೋಳೆ, ಸೊಪ್ಪಿನ ನಾರು, ರೊಟ್ಟಿಯನ್ನು ಅಗಿಯಲು ಹಿಡಿಯುವ ಸಮಯ, ಎಲ್ಲವೂ ಸೇರಿವೆ.

ನಾರಿನ ದಾರಿಯ ಬಗ್ಗೆ ಅತ್ಯಂತ ನೇರವಾದ ಪ್ರಯೋಗ ಲಂಡನ್ನಿನ ಇಂಪೀರಿಯಲ್ ಕಾಲೇಜಿನದು. ಪ್ರೊಪಿಯೊನೇಟನ್ನು ಇನ್ಯುಲಿನ್ ಎಂಬ ನಾರಿಗೆ ಕಟ್ಟಿ, ಅದು ದೊಡ್ಡ ಕರುಳಿನಲ್ಲಿಯೇ ಬಿಡುಗಡೆಯಾಗುವಂತೆ ಮಾಡಿ, ದಿನಕ್ಕೆ 10 ಗ್ರಾಂನಂತೆ 24 ವಾರ ಕೊಟ್ಟರು. 2015ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಕಂಡದ್ದು ತೂಕ ಭಾರಿಯಾಗಿ ಇಳಿದದ್ದಲ್ಲ, ತೂಕ ಏರುವುದು ತಪ್ಪಿದ್ದು. ನನ್ನ ಬಳಿ ಬರುವವರಿಗೆ ನಾನು ಹೇಳುವುದೂ ಇಷ್ಟನ್ನೇ, ಕೇಳಿದವರ ಮುಖ ಮಾತ್ರ ಸಪ್ಪಗಾಗುತ್ತದೆ.

ಕಪ್ಪತಗುಡ್ಡದ ಕಾಲ್ನಡಿಗೆ (ಗದಗ)

ಕ್ಯಾರಲ್ಲುಮದ ಬಗ್ಗೆ ಯಾರೂ ಹೇಳಲಿಲ್ಲ. ಒಣನೆಲದ ಕಲ್ಲುಗಳ ನಡುವೆ ಬೆರಳಿನಂತೆ ಮೇಲೇಳುವ, ಎಲೆಯಿಲ್ಲದ ಸಣ್ಣ ಗಿಡವದು. ಅದನ್ನು ಬೇಟೆಗೆ ಹೋಗುವವರು ಹಸಿವು ತಾಳಿಕೊಳ್ಳಲು ಅಗಿಯುತ್ತಿದ್ದರೆಂಬ ಮಾತು ಹಳೆಯದು. ಇಷ್ಟು ಹಳೆಯ ಬಳಕೆಗೆ ಬೆಲೆಯೇ ಇಲ್ಲವೇ?

ಜೀವರಸಾಯನ (ಧಾರವಾಡ)

ಬೆಲೆ ಇದೆ, ಅದನ್ನು ಪರೀಕ್ಷಿಸಿಯೂ ಇದ್ದಾರೆ, ಅದೂ ಬೆಂಗಳೂರಿನಲ್ಲಿಯೇ. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 50 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 1 ಗ್ರಾಂ ಸಾರ, ಇನ್ನೊಂದಕ್ಕೆ ಹುಸಿ ಗುಳಿಗೆಯನ್ನು 60 ದಿನ ಕೊಟ್ಟರು. ಸಾರ ಪಡೆದವರ ಹಸಿವಿನ ಭಾವ, ಸೊಂಟದ ಸುತ್ತಳತೆ ಎರಡೂ ಇಳಿದವು. ತೂಕದಲ್ಲಿ ಮಾತ್ರ ಎರಡು ಗುಂಪಿನ ನಡುವೆ ಲೆಕ್ಕಕ್ಕೆ ಬರುವ ವ್ಯತ್ಯಾಸ ಕಾಣಲಿಲ್ಲ. ಇದರ ದೂರದ ಬಂಧು ಆಫ್ರಿಕಾದ ಕಲಹಾರಿ ಮರುಭೂಮಿಯ ಹೂಡಿಯಾ. ಅಲ್ಲಿನ ಸ್ಯಾನ್ ಬುಡಕಟ್ಟಿನ ಜನರು ಬೇಟೆಯ ಹಾದಿಯಲ್ಲಿ ಅದನ್ನು ತಿನ್ನುತ್ತಿದ್ದರು. ದಕ್ಷಿಣ ಆಫ್ರಿಕಾದ ಸರ್ಕಾರಿ ಸಂಶೋಧನಾ ಸಂಸ್ಥೆ ಅದರ ಗ್ಲೈಕೋಸೈಡಿಗೆ (ಸಕ್ಕರೆಯ ಅಂಶ ಕೂಡಿಕೊಂಡ ಸಸ್ಯವಸ್ತುವಿಗೆ) ಪೇಟೆಂಟ್ ಮಾಡಿತು; ಫೈಜರ್ ಕಂಪನಿ ಕೈಹಾಕಿ 2003ರಲ್ಲಿ ಬಿಟ್ಟಿತು, ಯೂನಿಲಿವರ್ 2008ರಲ್ಲಿ ಬಿಟ್ಟಿತು. ಮೊದಲು ಆ ವಸ್ತು ಮಿದುಳಿನ ಮೇಲೆಯೇ ಕೆಲಸ ಮಾಡುತ್ತದೆಂದು ಭಾವಿಸಿದ್ದರು. 2010ರಲ್ಲಿ ಹೂಡಿಯಾದ ಒಂದು ಗ್ಲೈಕೋಸೈಡು ಕಹಿಯ ಗ್ರಾಹಕವೊಂದನ್ನು ತಟ್ಟಿ, ಕರುಳಿನ ಜೀವಕೋಶಗಳಿಂದ ಸಿಸಿಕೆ ಹೊರಡಿಸುತ್ತದೆಂದು ತೋರಿಸಿದರು. ಬೇಟೆಗಾರನ ಅನುಭವ, ಕಹಿ, ಕರುಳಿನ ಹಾರ್ಮೋನು ಮೂರೂ ಒಂದೆಡೆ ಸೇರುವ ಜಾಗ ಅದು, ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದದ್ದೂ ಅದೇ. ಆದರೆ ಬೇಟೆಗಾರನಿಗೆ ಬೇಕಾಗಿದ್ದುದು ಒಂದು ದಿನದ ತಾಳ್ಮೆ, ವೈನಿಯವರಿಗೆ ಬೇಕಾಗಿರುವುದು ವರ್ಷಗಟ್ಟಲೆಯ ತೂಕ.

ಕಪ್ಪತಗುಡ್ಡದ ಕಾಲ್ನಡಿಗೆ (ಗದಗ)

ಸರಿ. ಇದನ್ನು ಓದಿ ಯಾರೂ ಗುಡ್ಡಕ್ಕೆ ಸಲಿಕೆ ಹಿಡಿದು ಬರಬೇಡಿರಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ.

ವೈದ್ಯೆ (ಹಾವೇರಿ)

ಟೀಚರ್, ವೈನಿಯವರಿಗೆ ಸಕ್ಕರೆ ಕಾಯಿಲೆ ಇದೆಯೇ? ಗ್ಲಿಮೆಪಿರೈಡ್ ಗುಳಿಗೆ ತೆಗೆದುಕೊಳ್ಳುತ್ತಿರುವ ಹಿರಿಯರೊಬ್ಬರು ಯಾರಿಗೂ ಹೇಳದೆ ಹಾಗಲಕಾಯಿ ರಸ, ಮೆಂತೆ ಪುಡಿ ಎರಡನ್ನೂ ಸೇರಿಸಿಕೊಂಡು, ಊಟವನ್ನೂ ಕಡಿಮೆ ಮಾಡಿ, ರಕ್ತದ ಸಕ್ಕರೆ ತೀರಾ ಇಳಿದು, ಬೆವೆತು ನಡುಗುತ್ತ ನನ್ನ ಬಳಿ ಬಂದಿದ್ದರು. ದಾರುಹರಿದ್ರದ ಬರ್ಬೆರಿನ್ ಕೂಡ ಕೆಲವು ಔಷಧಿಗಳು ಯಕೃತ್ತಿನಲ್ಲಿ ಕರಗುವ ವೇಗವನ್ನು ಬದಲಿಸುತ್ತದೆ. ಗಿಡದ್ದೆಂಬ ಕಾರಣಕ್ಕೆ ಡಾಕ್ಟರಿಗೆ ಹೇಳದೆ ಇರಬಾರದು.

ಮಾಳಮಡ್ಡಿ ಟೀಚರ್ (ಧಾರವಾಡ)

ಸಕ್ಕರೆ ಕಾಯಿಲೆ ಇದೆ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ಈ ವಿಷಯವನ್ನು ಇಂದೇ ತಿಳಿಸುತ್ತೇನೆ. ಅವರ ತಂದೆಯವರೂ ಅದೇ ಕ್ಯಾಪ್ಸೂಲು ಕೇಳುತ್ತಿದ್ದಾರೆ. ಅವರಿಗೆ ವಯಸ್ಸಾಗಿದೆ, ಮೈಯಲ್ಲಿ ಮಾಂಸವೇ ಇಲ್ಲ.

ಡಯಟಿಶಿಯನ್ (ವಿದ್ಯಾನಗರ, ಹುಬ್ಬಳ್ಳಿ)

ತೆಳ್ಳಗಿರುವ ವಯಸ್ಸಾದವರಿಗೆ ಹಸಿವು ತಗ್ಗಿಸುವ ಯಾವುದೂ ಬೇಡ. ಅವರಲ್ಲಿ ಮೊದಲು ಕರಗುವುದು ಸ್ನಾಯು. ವೈನಿಯವರು ತಂದೆಯವರಿಗೆ ಕ್ಯಾಪ್ಸೂಲಿನ ದುಡ್ಡಿನಲ್ಲಿ ಹಾಲು, ಮೊಟ್ಟೆ, ಬೇಳೆ ಕೊಡಿಸಲಿ.

ಔಷಧಂಗಡಿ (ಹುಬ್ಬಳ್ಳಿ)

ಮೆಟ್‌ಫಾರ್ಮಿನ್ ಎಂದಿರಲ್ಲ, ಅದರ ಮೂಲವೂ ಗಿಡವೇ. ಯುರೋಪಿನ ಗಲೇಗಾ ಎಂಬ ಗಿಡದಲ್ಲಿದ್ದ ವಿಷಕಾರಿ ವಸ್ತುವಿನ ಜಾಡು ಹಿಡಿದು ಇದರ ಬಂಧುಗಳನ್ನು ಹುಡುಕಿದರು. 1957ರಲ್ಲಿ ಫ್ರಾನ್ಸಿನ ಜ್ಯಾನ್ ಸ್ಟರ್ನ್ ಇದನ್ನು ಸಕ್ಕರೆ ಕಾಯಿಲೆಗೆ ಬಳಸಿ ವರದಿ ಮಾಡಿದರು. ಇದರಿಂದ ಆಗುವ ಅಲ್ಪ ತೂಕ ಇಳಿಕೆಗೆ ಜಿಡಿಎಫ್15 ಎಂಬ ಇನ್ನೊಂದು ಹಾರ್ಮೋನು ಕಾರಣವೆಂದು 2020ರಲ್ಲಿ ತಿಳಿಯಿತು. ಸಸ್ಯದಿಂದ ಹೊರಟು, ಅಳತೆ ಗೊತ್ತಿರುವ, ಕಡಿಮೆ ಬೆಲೆಯ ಗುಳಿಗೆ ವೈನಿಯವರ ಕೈಯಲ್ಲಿ ಆಗಲೇ ಇದೆ.

ಕರಿಮಣ್ಣು (ರೋಣ, ಗದಗ ಜಿಲ್ಲೆ)

ನನ್ನದು ಕೊನೆಯ ಪ್ರಶ್ನೆ. ಹುರುಳಿಯಲ್ಲಿ ಸಿಸಿಕೆ ಏರಿಸುವ ವಸ್ತು ಇದೆ, ಬೇಯಿಸಿದರೆ ಹಾಳಾಗುತ್ತದೆ, ಆದ್ದರಿಂದ ಹಸಿಯಾಗಿಯೇ ಪುಡಿ ಮಾಡಿ ನೀರಿನಲ್ಲಿ ಕುಡಿಯಿರಿ ಎಂದು ಒಂದು ವಿಡಿಯೊದಲ್ಲಿ ಹೇಳುತ್ತಿದ್ದರು. ನಮ್ಮಲ್ಲಿ ಎತ್ತಿಗೂ ಹುರುಳಿಯನ್ನು ಬೇಯಿಸಿಯೇ ಹಾಕುತ್ತೇವೆ.

ಜೀವರಸಾಯನ (ಧಾರವಾಡ)

ಎತ್ತಿಗೆ ಮಾಡುವಷ್ಟು ಉಪಚಾರವನ್ನು ನಿಮಗೂ ಮಾಡಿಕೊಳ್ಳಿರಿ. ವಿಡಿಯೊದವರು ಹೇಳಿದ ವಸ್ತು ಟ್ರಿಪ್ಸಿನ್ ತಡೆಕಾರಕ. ಅದು ಪ್ರೋಟೀನನ್ನು ಜೀರ್ಣಿಸುವ ಕಿಣ್ವವನ್ನು ಕಟ್ಟಿಹಾಕುವುದರಿಂದ ಸಿಸಿಕೆ ಏರುತ್ತದೆ, ಬೇಯಿಸಿದರೆ ಬಹುಪಾಲು ನಾಶವಾಗುತ್ತದೆ ಎಂಬುದೂ ನಿಜ. ಆದರೆ ಇದೇ ತಡೆಕಾರಕ ತುಂಬಿರುವ ಹಸಿ ಸೋಯಾ ಹಿಟ್ಟನ್ನು ತಿನ್ನಿಸಿದ ಕೋಳಿಮರಿಗಳಲ್ಲಿ, ಇಲಿಗಳಲ್ಲಿ ಬೆಳವಣಿಗೆ ಕುಂಠಿತವಾಗಿ, ಸತತವಾಗಿ ಕೆಣಕಿಸಿಕೊಂಡ ಮೇದೋಜೀರಕ ಗ್ರಂಥಿ ದಪ್ಪಗಾಗಿತ್ತು. ಹುರುಳಿಯ ಕಟ್ಟಿನ ಸಾರು ಮಾಡಿಕೊಂಡು, ಬೆಂದ ಕಾಳನ್ನು ಚೆಲ್ಲದೆ ಉಸುಳಿ ಮಾಡಿ ತಿನ್ನಿರಿ. ಅದರ ಪ್ರೋಟೀನು, ನಾರು ಎರಡೂ ಬೆಂದ ಮೇಲೂ ಉಳಿದಿರುತ್ತವೆ.